ಚೂರಿಯ ಮೇಲೆ ಬರೆದ ಬಳ್ಳಿ

ಮಕ್ಕಳೇ, ನಾನು ಲಂಗ ಉಡುತ್ತಿದ್ದ ಆ ದಿನಗಳಲ್ಲಿ ಹೊಳೆನರಸೀಪುರದ ಸುತ್ತಿನ ಹಳ್ಳಿಗಳಿಗೆ ಸ್ಟೀಲಿನ ಚಾಕು ಬಂದಿರಲಿಲ್ಲ. ಎಲ್ಲರ ಮನೆಯಲ್ಲೂ ಕುಲುಮೆಯಲ್ಲಿ ಬಡಿದ ಕಬ್ಬಿಣದ ಚೂರಿ. ಹುಳಿ ತಾಗಿದರೆ ಕಪ್ಪಾಗುತ್ತಿತ್ತು, ಬೂದಿ ಹಾಕಿ ತಿಕ್ಕಿದರೆ ಬೆಳ್ಳಗಾಗುತ್ತಿತ್ತು.

ಅವ್ವನ ಚೂರಿಯನ್ನು ಹಳೇಕೋಟೆಯಲ್ಲಿದ್ದ ತಾತ ಮಾಡಿಸಿಕೊಟ್ಟಿದ್ದ. ತಾತ ಸತ್ತ ಮೇಲೆ ಅವ್ವನಿಗೆ ತವರು ಅಂತ ಉಳಿದದ್ದು ಅದೇ. ಅದನ್ನು ಕಂಡು ಹೊಟ್ಟೆ ಉರಿದು, ಮನೆಯ ಪಕ್ಕದ ಪಾಲಿನಲ್ಲಿದ್ದ ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಅದೇ ಕುಲುಮೆಯಿಂದ ಅಂಥದೇ ಒಂದನ್ನು ತರಿಸಿಕೊಂಡಳು. ದೊಡ್ಡವ್ವನ ವಿಷಯದಲ್ಲಿ ಒಳ್ಳೆಯದು ಬರೆಯಲು ನನ್ನಿಂದಾಗುವುದಿಲ್ಲ. ನಮ್ಮಿಂದ ಅವಳ ಮನೆಗೆ ಹೋದ ಒನಕೆ, ಜರಡಿ, ಹಿತ್ತಾಳೆ ಸೌಟು ಯಾವುದೂ ತಿರುಗಿ ಬರಲಿಲ್ಲ. ಕೇಳಿದರೆ, "ನಿಮ್ದು ಅಂತ ಎಸ್ರು ಬರ್ದೈತಾ?" ಅನ್ನುತ್ತಿದ್ದಳು.

ಮಾವಿನಕಾಯಿ ಕಾಲ ಬಂತು. ಎರಡೂ ಮನೆಯ ಹೆಂಗಸರು ಜಗಲಿಯ ಮೇಲೆ ಕೂತು ಉಪ್ಪಿನಕಾಯಿಗೆ ಒಟ್ಟಿಗೆ ಹೆಚ್ಚುವುದು ವಾಡಿಕೆ. ಹಿಂದಿನ ದಿನ ನಾನು ಹುಣಿಸೆಹಣ್ಣಿಗೆ ಉಪ್ಪು ಹಾಕಿ ಕಿವುಚಿದೆ. ಅವ್ವನ ಚೂರಿಯ ಅಲಗಿನ ಜಿಡ್ಡು ಹೋಗುವಂತೆ ಬೂದಿಯಲ್ಲಿ ತಿಕ್ಕಿ, ಪರಕೆಕಡ್ಡಿಯನ್ನು ಹುಳಿಯಲ್ಲಿ ಅದ್ದಿ ಬಳ್ಳಿ ಬರೆದೆ. ಮೊದಲ ಸಲ ರಸ ಹರಿದು ಎಲೆಗಳೆಲ್ಲ ಕಲಸಿಹೋದವು. ತಿಕ್ಕಿ ಅಳಿಸಿ, ಗಟ್ಟಿ ಹುಳಿಯಲ್ಲಿ ಮತ್ತೆ ಬರೆದೆ. ಸಂಜೆ ತೊಳೆದಾಗ ಬಿಳೀ ಅಲಗಿನ ಮೇಲೆ ನೇರಳೆಹಣ್ಣಿನ ಬಣ್ಣದ ಬಳ್ಳಿ ಎದ್ದಿತ್ತು! ಹರಳೆಣ್ಣೆ ಸವರಿ ಅವ್ವನ ಕೈಗಿಟ್ಟೆ.

"ಚೂರಿಗೂ ರಂಗೋಲೆ ಬುಟ್ಟೇನೇ!" ಅವ್ವ ನಕ್ಕಳು.

"ಎಸ್ರು ಬರ್ದಿವ್ನಿ ಕಣವ್ವ. ದೊಡ್ಡವ್ವ ಅದ್ಯಂಗೆ ಎತ್ಕತಾಳೋ ನೋಡನ."

ಮಾರನೆಯ ದಿನ ದೊಡ್ಡವ್ವ ಬಂದವಳೇ ಅದನ್ನು ನೋಡಿ, "ಏನೇ, ಮದುವಣಗಿತ್ತಿಗೆ ಮದರಂಗಿ ಆಕ್ದಂಗೆ ಆಕಿದ್ದೀಯಲ್ಲ!" ಅಂದಳು. ಅವಳ ಸೊಸೆಯಂದಿರು ಕಿಸಕ್ಕನೆ ನಕ್ಕರು.

ಮಧ್ಯಾಹ್ನದ ಮೇಲೆ ಕಾಯಿಯೊಳಗಿನ ಗಟ್ಟಿ ವಾಟೆಗೆ ತಾಗಿ ದೊಡ್ಡವ್ವನ ಚೂರಿಯ ಮೊನೆ ಮುರಿಯಿತು. ಹೆಚ್ಚುವುದು ಮುಗಿದ ಮೇಲೆ ಅವಳು ಎರಡು ಚೂರಿಯನ್ನೂ ಒಂದೇ ಬೋಗುಣಿಯಲ್ಲಿ ತೊಳೆದು, ಮುರಿಯದಿದ್ದುದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದೊಡ್ಡವ್ವ, ಅದು ನಮ್ದು. ಬಳ್ಳಿ ಐತೆ ನೋಡು."

"ಎಲ್ಲೇ? ತೋರ್ಸು."

ಅವಳು ತೆಗೆದು ಚಾಚಿದ ಚೂರಿಯನ್ನು ಹಿಡಿದು ನೋಡಿದೆ. ದಿನವಿಡೀ ಹೆಚ್ಚಿದ ಮಾವಿನ ಹುಳಿಗೆ ಎರಡು ಅಲಗೂ ಒಂದೇ ಸಮ ಕಪ್ಪಾಗಿದ್ದವು. ಬಳ್ಳಿ ಆ ಕಪ್ಪಿನೊಳಗೆ ಮುಳುಗಿತ್ತು. ತಿಕ್ಕಿದರೆ ಕಪ್ಪಿನ ಜೊತೆಗೇ ಬಳ್ಳಿಯೂ ಹೋಗುತ್ತಿತ್ತು. ಹುಣಿಸೆ ಮಾಡಿದ್ದನ್ನೇ ಮಾವೂ ಮಾಡುತ್ತದೆಂದು ನನಗೆ ಹೊಳೆದಿರಲಿಲ್ಲ.

"ಮುರ್ದಿರೋದೇ ನಿಮ್ದು ಕಣೇ. ಬ್ಯಾಡಾಂದ್ರೆ ತಿಪ್ಪೆಗಾಕು," ಅಂದು ದೊಡ್ಡವ್ವ ಅದನ್ನು ಕಿತ್ತು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮುರ್ದಿದ್ದು ನಿನ್ ಕೈಲಿ ಅಲ್ವಕ್ಕ?" ಅಂದಳು ಅವ್ವ. ಎಲ್ಲವನ್ನೂ ಕಂಡಿದ್ದ ಸೊಸೆಯಂದಿರು ತಲೆ ಬಗ್ಗಿಸಿ ಹೋಳು ಆರಿಸುತ್ತಿದ್ದರು.

ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊನೆ ಮುರಿದ ಚೂರಿಯನ್ನು ನಾವು ಮುಟ್ಟಲಿಲ್ಲ, ಅವರೂ ಮುಟ್ಟಲಿಲ್ಲ. ಅದು ಜಗಲಿಯ ಮೇಲೇ ತುಕ್ಕು ಹಿಡಿಯಿತು. ಮುಂದಿನ ವರ್ಷದಿಂದ ಅವ್ವ ಒಳಗೆ ಒಬ್ಬಳೇ ಕೂತು ಈಳಿಗೆಮಣೆಯಲ್ಲಿ ಹೆಚ್ಚಿದಳು. ಜಗಲಿಯ ನಗು, ಉಪ್ಪುಖಾರ ಮುಟ್ಟಿಸಿ ನಮ್ಮ ಬಾಯಿಗಿಡುತ್ತಿದ್ದ ಹೋಳು ಎಲ್ಲ ಅಲ್ಲಿಗೆ ನಿಂತವು.

ಒಂದು ಚೂರಿಗೆ ಇಷ್ಟು ವರ್ಷದ ಸಿಟ್ಟೇ ಅಂತ ನೀವು ನಗಬಹುದು. ಮೊದಲೆಲ್ಲ ಆ ಚೂರಿಯಲ್ಲಿ ತರಕಾರಿ ಹೆಚ್ಚುತ್ತಾ ಅವ್ವ ಹಳೇಕೋಟೆಯ ಮಾತಾಡುತ್ತಿದ್ದಳು; ಹುಡುಗಾಟದಲ್ಲಿ ನಾನು ಕಿವಿಗೊಡುತ್ತಿರಲಿಲ್ಲ. ಆ ದಿನದಿಂದ ಸಾಯುವವರೆಗೂ ಆ ಊರಿನ ಹೆಸರೆತ್ತಲಿಲ್ಲ. ನನ್ನ ತಾತ ಎಂಥವನಿದ್ದ, ಅವ್ವ ಅಲ್ಲಿ ಏನೇನು ಆಡಿ ಬೆಳೆದಳು ಅಂತ ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೇ ನಾನು ದೊಡ್ಡವ್ವನನ್ನು ಇವತ್ತಿಗೂ ಕ್ಷಮಿಸಿಲ್ಲ.