ಖಾಲಿ ಬಂದ ತಟ್ಟೆ

ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಮನೆಗೆ ಲೀಲಾ ಆಂಟಿ ಕ್ರಿಸ್‌ಮಸ್ ತಟ್ಟೆ ಕಳಿಸಿದ್ದಾರೆ. ರೋಸ್ ಕುಕ್ಕೀಸ್‌ನ ವಾಸನೆ ಮೂಗಿಗೆ ಬಡಿದದ್ದೇ ನಾನು ಮತ್ತೆ ಎಂಟು ವರ್ಷದವಳಾದೆ.

ಅಪ್ಪ ನಮ್ಮನ್ನು ಬಿಟ್ಟುಹೋದ ವರ್ಷ ಅದು. ಶುಕ್ರವಾರದ ಪ್ರಾರ್ಥನಾಕೂಟ ಕನ್ನಡ ಕ್ರೈಸ್ತರ ಮನೆಗಳಲ್ಲಿ ಸರದಿಯಂತೆ ನಡೆಯುತ್ತಿತ್ತು. "ನಿಮ್ಮನೇಲಿ ಇನ್ಮೇಲೆ ಬೇಡಮ್ಮ, ಜನ ಏನಂತಾರೆ?" ಎಂದು ಕೂಟ ನಡೆಸುತ್ತಿದ್ದ ಆಂಟಿ ನಮ್ಮ ಸರದಿ ತಪ್ಪಿಸಿದರು. ಆದರೂ ಅಮ್ಮ ಅವರಿಗೆ ತಟ್ಟೆಯಲ್ಲಿ ತಿಂಡಿ ಕಳಿಸಿದಳು. ನಮ್ಮಲ್ಲಿ ತಟ್ಟೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಆಂಟಿ ಖಾಲಿ ಕಳಿಸಿದರು. ಆ ಶುಕ್ರವಾರ ಅಮ್ಮ ಚಾಪೆ ಹಾಸಿ ಒಬ್ಬಳೇ ಹಾಡಿದಳು. ಉಳಿದವರು ದನಿಗೂಡಿಸುವ ಸಾಲು ಬಂದಾಗಲೆಲ್ಲ ಸುಮ್ಮನೆ ಕಾದಳು.

ಈಗ ಆಂಟಿಯ ಮನೆಗೆ ಯಾರೂ ಹೋಗುವುದಿಲ್ಲವಂತೆ. "ಏನಾದ್ರೂ ಹಾಕಿ ಕೊಡೇ," ಎನ್ನುತ್ತಾಳೆ ಅಮ್ಮ.

ತಟ್ಟೆಯನ್ನು ಫಳಫಳ ತೊಳೆದಿಟ್ಟಿದ್ದೇನೆ. ಖಾಲಿಯಾಗಿಯೇ ಕೊಡುತ್ತೇನೆ, ನನ್ನ ಕೈಯಾರೆ.