ಬಾಯವ್ವನ ಉಸಿರು, ಮಡಿವಾಳೆಪ್ಪನ ರೊಟ್ಟಿ

ರಾಮದುರ್ಗದ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಬರುವ ದಾರಿಯಲ್ಲಿ ಬಾಯವ್ವನ ಖಾನಾವಳಿ ಇತ್ತು. ಹೈಸ್ಕೂಲು ಮಾಸ್ತರನಾಗಿ ನಾನು ಆ ಊರಿಗೆ ಬಂದದ್ದು ತೊಂಬತ್ನಾಲ್ಕರಲ್ಲಿ. ಮದುವೆಯಾಗಿರಲಿಲ್ಲ, ಎರಡು ಹೊತ್ತಿನ ಊಟ ಅಲ್ಲೇ. ಒಳಗೆ ಕಟ್ಟಿಗೆ ಒಲೆಯ ಮುಂದೆ ಬಾಯವ್ವ ರೊಟ್ಟಿ ಬಡಿಯುವಳು. ಹೊರಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಮಡಿವಾಳೆಪ್ಪ ಬಿಳಿ ಧೋತರ ಉಟ್ಟು, ಬಂದವರನ್ನು ಮಾತಾಡಿಸುತ್ತ ಕೂರುವನು. ಒಬ್ಬಳೇ ಮಗಳನ್ನು ಕಟಕೋಳಕ್ಕೆ ಕೊಟ್ಟಿದ್ದರು. ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಯಾರೂ ನೋಡದ ಗಂಡಸು ಮಡಿವಾಳೆಪ್ಪ. ನೀರು ಬೇಕಾದರೂ ಕುಂತಲ್ಲಿಂದಲೇ ಕೂಗುತ್ತಿದ್ದ.

ಬಾಯವ್ವನ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಇನ್ನೊಂದನ್ನು ಬಡಿದು, ನಡುವೆ ಹೊರಗಿನವರ ಮಾತಿಗೆ ಒಳಗಿನಿಂದಲೇ ಉತ್ತರ ಕೊಡುವಳು.

ತೊಂಬತ್ತೊಂಬತ್ತರ ಚಳಿಗಾಲದಲ್ಲಿ ಅವಳಿಗೆ ಹತ್ತಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಕಷಾಯ ಆಯಿತು, ಜೇನುತುಪ್ಪ ಆಯಿತು, ಊರಿನ ಡಾಕ್ಟರರ ಗುಳಿಗೆಯೂ ಆಯಿತು. ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಕ್ಷಯವಲ್ಲ, ಆದರೂ ಬೆಳಗಾವಿಗೆ ಹೋಗಿ ಎದೆ ತೋರಿಸಿಕೊಂಡು ಬಾ ಎಂದರು. ಬಾಯವ್ವ ಹೋಗಲಿಲ್ಲ. “ಹೊಗಿ ಕುಡದ ಕೆಮ್ಮು ಇದು, ಒಲಿ ಆರಿದ್ರ ಹೋಗ್ತೈತಿ,” ಎಂದಳು. ಒಲೆ ಮಾತ್ರ ಆರಲಿಲ್ಲ.

ನಿಧಾನವಾಗಿ ಅವಳ ಮಾತು ಅರ್ಧಕ್ಕೇ ನಿಲ್ಲತೊಡಗಿತು. ಸುರೇಬಾನ ಬಸ್ಸಿನ ಕಂಡಕ್ಟರ್ ಬಸವಣ್ಣೆಪ್ಪ ದಿನಾ ಮಧ್ಯಾಹ್ನ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದ. “ಬಸವಣ್ಣೆಪ್ಪಾ, ಇವತ್ತ ಬದನಿಕಾಯಿ...” ಎನ್ನುವಷ್ಟರಲ್ಲಿ ಅವಳಿಗೆ ಕೆಮ್ಮು.

“ಬಾಳ ರುಚಿ ಆಗೈತಿ, ಇನ್ನೆರಡ ಹಾಕ್ಲೇನು ಅಂತೀ? ಹಾಕಬೇ ಅಕ್ಕ,” ಎಂದು ಅವನೇ ವಾಕ್ಯ ಮುಗಿಸಿ ತಾಟು ಮುಂದೆ ಒಡ್ಡಿದ.

ಅವಳು ಉಸಿರು ಹಿಡಿದುಕೊಂಡು, “ಬದನಿಕಾಯಿ ತೀರೈತಿ ಅನ್ನಾಕ ಹತ್ತಿದ್ದೆ,” ಎಂದಳು. ಉಣ್ಣುತ್ತಿದ್ದವರೆಲ್ಲ ನಕ್ಕರು. ಅವಳೂ ನಗಲು ಹೋಗಿ ಮತ್ತೆ ಕೆಮ್ಮಿದಳು.

ನೀರು ತರುವುದೂ ಕಷ್ಟವಾಯಿತು. ಮೊದಲು ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ನಳದಿಂದ ಒಂದೇ ನಡಿಗೆಯಲ್ಲಿ ಬರುತ್ತಿದ್ದವಳು ಈಗ ದಾರಿಯ ಒಂದೊಂದು ಕಟ್ಟೆಗೂ ಕೊಡ ಇಳಿಸಿ ಕೂರುವಳು. ಮಾತಾಡಲು ಬಂದಳೆಂದು ತಿಳಿದು ಆ ಕಟ್ಟೆಯ ಮನೆಯವರು ತಮ್ಮ ಸುದ್ದಿ ಹೇಳುವರು. ಉಸಿರಿಲ್ಲದ ಬಾಯವ್ವ ಎಲ್ಲಕ್ಕೂ ತಲೆಯಾಡಿಸುವಳು. ಮಳೆಗಾಲ ಬರುವಷ್ಟರಲ್ಲಿ ಓಣಿಯ ಸುದ್ದಿಯೆಲ್ಲ ಅವಳಲ್ಲಿ ಜಮಾ ಆಗಿತ್ತು. “ಮೊದಲ ನಾ ಒದರತಿದ್ದೆ, ಈಗ ಕೇಳಾಕ ಕಲತೇನಿ. ಕೆಮ್ಮಿನಿಂದ ಒಂದ ಲಾಭ ಆತು,” ಎಂದು ಅವಳೇ ಹೇಳಿಕೊಂಡಳು.

ಆದರೆ ಬೇರೆಯದೂ ನಮಗೆ ಕಾಣುತ್ತಿತ್ತು. ಎಡ ಭುಜ ನೋಯುತ್ತದೆಂದು ಹಿಟ್ಟು ನಾದುವಾಗ ನಡುನಡುವೆ ಕೈ ಬಿಡುವಳು. ಒಗ್ಗರಣೆಯ ಘಾಟು ತಾಳದೆ ಹಿತ್ತಲಿಗೆ ಓಡುವಳು. ನಾಲಿಗೆಗೆ ರುಚಿ ಹತ್ತದೆ ಪಲ್ಯಕ್ಕೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ನಾವು ಏನೂ ಹೇಳದೆ ಮಜ್ಜಿಗೆ ಹೆಚ್ಚು ಕುಡಿದು ಏಳುತ್ತಿದ್ದೆವು. ಊಟ ಬಡಿಸುವವಳಿಗೇ ಊಟ ಸೇರದಾಯಿತು. ಮೈ ಇಳಿದು ಕುಪ್ಪಸ ಸಡಿಲಾದಾಗ ಪಕ್ಕದ ಮನೆಯ ಮೆಹೆರಾಜ ಹೊಲಿಗೆ ಮಷಿನ್ನಿನ ಮೇಲೆ ಒಂದು ಸಲ ಬಿಗಿ ಹಿಡಿದುಕೊಟ್ಟಳು. ಎರಡನೇ ಸಲ ಬಾಯವ್ವ ಬಂದಾಗ ಅವಳು ಬಟ್ಟೆಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

“ಬಾಯಕ್ಕ, ನಾ ಎಷ್ಟಂತ ಹಿಡಿದ ಕೊಡ್ಲಿ? ಕುಪ್ಪಸ ತಪ್ಪ ಮಾಡಿಲ್ಲ. ನೀ ಡಾಕ್ಟರ ಕಡೆ ನಡಿ,” ಎಂದಳು.

“ನಾ ಹೋದ್ರ ಇಲ್ಲಿ ಮಂದಿಗೆ ಯಾರ ಉಣ್ಣಾಕ ಹಾಕಬೇಕು?”

ಆ ಮಾತು ನಡೆದ ಕೆಲವೇ ದಿನಗಳಲ್ಲಿ, ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯಲು ಹೋದ ಮಡಿವಾಳೆಪ್ಪ, ಹೆಂಡತಿ ಕೆಮ್ಮಿ ಉಗುಳಿ ಅದರ ಮೇಲೆ ಕಾಲಿನಿಂದ ಬೂದಿ ಎಳೆಯುವುದನ್ನು ಕಂಡ. ಬೂದಿಯಡಿ ಕೆಂಪಗೆ ಕಂಡಿತು. ಎಷ್ಟು ದಿನದಿಂದ ಎಂದು ಅವನು ಕೇಳಿದ. ಅವಳು ಕಾಲಿನಿಂದ ಇನ್ನಷ್ಟು ಬೂದಿ ಎಳೆದಳು. ಅವನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ನಾವು ಮಧ್ಯಾಹ್ನ ಹೋದಾಗ ಬಾಗಿಲಿಗೆ ಬೀಗ. ಗಂಡ ಹೆಂಡತಿ ಮೆಹೆರಾಜಳನ್ನೂ ಕರೆದುಕೊಂಡು ಬೆಳಗಾವಿಯ ಬಸ್ಸು ಹತ್ತಿದ್ದರು.

ಅಲ್ಲಿ ನಡೆದದ್ದನ್ನು ಮೆಹೆರಾಜ ಆಮೇಲೆ ನಮಗೆ ಹೇಳಿದಳು. ಎಕ್ಸ್‌ರೇಯಲ್ಲಿ ಎಡಗಡೆ ಕೆಳಗೆ ಬಿಳಿ ಗಂಟು ಕಂಡಿತು. ಗಂಟಲಲ್ಲಿ ನಳಿಗೆ ಬಿಟ್ಟು ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರು ಬಾಯವ್ವನನ್ನು ಕೂರಿಸಿಕೊಂಡು, ಬೀಡಿ ಸೇದುವ ರೂಢಿ ಏನಾದರೂ ಇದೆಯೇ ಎಂದು ಕೇಳಿದರಂತೆ.

“ಬೀಡಿ ಸೇದಿಲ್ರಿ. ಒಲಿ ಸೇದೇನಿ, ಸಣ್ಣಾಕಿ ಇದ್ದಾಗಿಂದ.”

ಡಾಕ್ಟರು ನಗಲಿಲ್ಲ. ಒಲೆಯ ಹೊಗೆಯಿಂದಲೂ ಇದು ಬರಬಹುದು ಎಂದರು. ಗಂಟು ಇನ್ನೂ ಬೇರೆ ಕಡೆ ಹರಡಿಲ್ಲ, ಆ ಭಾಗ ತೆಗೆದುಹಾಕಿದರೆ ಬದುಕುವ ದಾರಿ ಇದೆ, ಆದರೆ ಉಸಿರು ಮೊದಲಿನಷ್ಟು ಇರುವುದಿಲ್ಲ ಎಂದೂ ತಿಳಿಸಿ ಹೇಳಿದರು. ಮಡಿವಾಳೆಪ್ಪ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. ಬಾಯವ್ವ ಅವನ ಕಡೆ ನೋಡಿ, “ನೀವ್ಯಾಕ ಅಳ್ತೀರಿ, ಕೊಯ್ಯೋದು ನನ್ನ,” ಎಂದಳಂತೆ.

ಆಪರೇಷನ್ ಆಯಿತು. ಅದಾದ ಮೇಲೆ ಸಲಾಯಿನ್ ಮೂಲಕ ಔಷಧ ಕೊಡಿಸಲು ಹಲವು ಸಲ ಬೆಳಗಾವಿಗೆ ಹೋಗಿ ಬರಬೇಕಾಯಿತು. ಪ್ರತಿ ಸಲವೂ ಒಂದು ವಾರ ವಾಂತಿ, ನಿಶ್ಶಕ್ತಿ. ತಲೆಗೂದಲು ಉದುರಿತು. ಮಗಳು ಕಟಕೋಳದಿಂದ ಬಂದು ನಿಂತಳು. ಎಡಮಗ್ಗುಲಾಗಿ ಮಲಗಲು ಬಾರದ ತಾಯಿಗೆ ಬೆನ್ನ ಹಿಂದೆ ಒರಗಲು ಹಾಸಿಗೆ ಸುರುಳಿ ಮಾಡಿ ಇಡುವಳು. “ಎಣ್ಣಿ ಉಳೀತು, ಬಾಚಣಿಕಿ ಉಳೀತು,” ಎಂದು ಬಾಯವ್ವ ತಲೆ ಸವರಿಕೊಂಡರೂ, ಸೆರಗು ಮಾತ್ರ ಹಣೆಯತನಕ ಎಳೆದುಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ಅಳು ಬರಲಿಲ್ಲವೆಂದಲ್ಲ. ನಮ್ಮೆದುರು ಅಳಲಿಲ್ಲ.

ಮಗಳು ತನ್ನ ಸಂಸಾರಕ್ಕೆ ಮರಳಲೇಬೇಕಾಯಿತು. ಅವಳು ಹೋದ ಮರುದಿನ ಖಾನಾವಳಿಯ ಬಾಗಿಲು ತೆರೆದಿತ್ತು. ಕಟ್ಟಿಗೆ ಒಲೆಯ ಜಾಗದಲ್ಲಿ ಗ್ಯಾಸ್ ಬಂದಿತ್ತು, ಗೋಡೆಗೆ ಹೊಸದಾಗಿ ದೊಡ್ಡ ಕಿಟಕಿ ಒಡೆಸಿದ್ದರು. ಬಾಯವ್ವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು. ಅಡುಗೆಮನೆಯಲ್ಲಿ ಧೋತರ ಮೇಲೆ ಕಟ್ಟಿ, ಮೊಣಕೈತನಕ ಜೋಳದ ಹಿಟ್ಟು ಮೆತ್ತಿಕೊಂಡು ನಿಂತವನು ಮಡಿವಾಳೆಪ್ಪ.

ಮೊದಲ ರೊಟ್ಟಿ ಬಸವಣ್ಣೆಪ್ಪನ ತಾಟಿಗೆ ಬಂತು. ಒಂದು ಮೂಲೆ ಬಾಲದಂತೆ ಚಾಚಿತ್ತು, ನಡುವೆ ತೂತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಮಾಸ್ತರ, ಇದು ಯಾವ ತಾಲೂಕಿನ ನಕಾಶಿ ನೋಡ್ರಿ?”

“ಸವದತ್ತಿ ಇದ್ದಂಗ ಐತಿ,” ಎಂದೆ.

“ಬೈಲಹೊಂಗಲ,” ಎಂದಳು ಬಾಯವ್ವ. “ಸುಮ್ನ ತಿನ್ರಿ. ನಾಳಿಗೆ ದುಂಡಗ ಆಗ್ತೈತಿ.”

ನಾಳೆಗೆ ದುಂಡಗಾಗಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಬಾಯವ್ವ ಕುಂತಲ್ಲಿಂದಲೇ ಬಡಿಯುವ ಸಪ್ಪಳ ಕೇಳಿ, “ಹಿಟ್ಟು ಸಡ್ಲ ಆತು,” “ನೀರ ಸವರ್ರಿ,” ಎನ್ನುವಳು. ಅವಳಿಗೆ ಉಸಿರು ಸಾಲದೆ ಮಾತು ನಿಂತರೆ ಮಡಿವಾಳೆಪ್ಪನೂ ಕೈ ನಿಲ್ಲಿಸಿ ಕಾಯುವನು. ಅಷ್ಟರಲ್ಲಿ ಹಂಚಿನ ಮೇಲಿನದು ಕರಕಾಗುವುದು. ನಾವು ಕರಕು ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ತಿಂದೆವು. ಬೇರೆ ಖಾನಾವಳಿಗೆ ಹೋಗುವ ಮನಸ್ಸು ನನಗಂತೂ ಬರಲಿಲ್ಲ.

ಔಷಧ ಮುಗಿದ ಮೇಲೆ ಬಾಯವ್ವನಿಗೆ ಹಸಿವು ಮರಳಿತು. ಕೂದಲು ಮೊದಲಿಗಿಂತ ಗುಂಗುರಾಗಿ ಬಂತು. ಉಸಿರು ಮಾತ್ರ ಡಾಕ್ಟರು ಹೇಳಿದಂತೆಯೇ. ಸ್ವಲ್ಪ ದೂರ ನಡೆದರೆ ನಿಲ್ಲಬೇಕು, ಭಾರ ಎತ್ತುವಂತಿಲ್ಲ. ಕಾಯಿಪಲ್ಲೆ ಪೇಟೆಗೆ ಗಂಡನನ್ನು ಕಳಿಸಿದರೆ ಮಾರುವವರು ಕೊಟ್ಟದ್ದನ್ನೇ ಚೀಲಕ್ಕೆ ಹಾಕಿಸಿಕೊಂಡು ಬರುತ್ತಿದ್ದ. ಬಲಿತ ಬೆಂಡೆಕಾಯಿ, ಹುಳುಕು ಬದನೆಕಾಯಿ. ಒಂದು ದಿನ ಅವಳು ಚೀಲವನ್ನು ನೆಲಕ್ಕೆ ಸುರಿದು ಬಹಳ ಹೊತ್ತು ನೋಡಿದಳು. ನಂತರ ಮೆಹೆರಾಜಳ ಮನೆಗೆ ಹೋಗಿ, ಅವಳ ತಮ್ಮ ಮೂಲೆಗೆ ನಿಲ್ಲಿಸಿದ್ದ ಹಳೆಯ ಲೂನಾ ಮೊಪೆಡ್ ಕೊಡುತ್ತಾನೇನು ಎಂದು ಕೇಳಿದಳು.

“ಯಾರಿಗೆ, ಮಾವಾರಿಗೇನು?” ಎಂದಳು ಮೆಹೆರಾಜ.

“ಅವರಿಗ್ಯಾಕ? ನನಗ.”

ಎರಡು ಸಾವಿರದ ಮೂರರಲ್ಲಿ ರಾಮದುರ್ಗದಲ್ಲಿ ಐವತ್ತರ ಹತ್ತಿರದ ಹೆಂಗಸು ಇಲಕಲ್ ಸೀರೆ ಉಟ್ಟು ಗಾಡಿ ಹೊಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಮ್ಮ ಶಾಲೆಯ ಮೈದಾನದಲ್ಲಿ ಒಂದು ರವಿವಾರ ಮೆಹೆರಾಜಳ ತಮ್ಮ ಹಿಂದೆ ಓಡುತ್ತ ಕಲಿಸಿದ. ಎರಡು ಸಲ ಬೇಲಿಗೆ ಹೋಗಿ ನಿಂತಳು. ಮೂರನೇ ಸಲ ಮೈದಾನ ಸುತ್ತು ಹಾಕಿ ಬಂದಳು. ತೊಡಕು ಒಂದೇ. ಲೂನಾವನ್ನು ಪೆಡಲ್ ತುಳಿದು ಚಾಲೂ ಮಾಡಬೇಕು, ಅವಳಿಗೆ ಅಷ್ಟು ಉಸಿರಿಲ್ಲ. ಹೀಗಾಗಿ ಮಡಿವಾಳೆಪ್ಪ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೆವರು ಸುರಿಸಿ ತುಳಿದು ಚಾಲೂ ಮಾಡಿ ಇಳಿಯುವನು. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿ ಹಿಡಿಕೆ ಹಿಡಿಯುವಳು. ಅವನು ಚೀಲ ಅಪ್ಪಿಕೊಂಡು ಹಿಂದೆ ಕೂರುವನು.

ಎರಡು ಸಾವಿರದ ಆರರಲ್ಲಿ ನನಗೆ ಕಿತ್ತೂರಿಗೆ ವರ್ಗವಾಯಿತು. ಅದೇ ವರ್ಷ ಬೆಳಗಾವಿಯ ಡಾಕ್ಟರು ಬಾಯವ್ವನನ್ನು ನೋಡಿ, ಇನ್ನು ಮೇಲೆ ವರ್ಷಕ್ಕೊಮ್ಮೆ ಬಂದರೆ ಸಾಕು ಎಂದಿದ್ದರು. ಹೊರಡುವ ಹಿಂದಿನ ದಿನ ಪೇಟೆಯಲ್ಲಿ ಇಬ್ಬರೂ ಸಿಕ್ಕರು. ಗಾಡಿ ನಿಂತಿತ್ತು, ಎಂಜಿನ್ ಬಂದ್ ಮಾಡಿರಲಿಲ್ಲ. ಅವಳು ಸೀಟಿನ ಮೇಲೆ ಕುಂತಂತೆಯೇ ಮಾರುವವಳ ಹತ್ತಿರ ಬದನೆಕಾಯಿ ಒಂದೊಂದೇ ಇಸಿದುಕೊಂಡು ತಿರುಗಿಸಿ ನೋಡುತ್ತಿದ್ದಳು.

“ಬಂದ್ ಮಾಡಬಾರದೇನ್ರಿ ಅಕ್ಕಾರ, ಪೆಟ್ರೋಲ್ ಸುಮ್ನ ಹೋಗ್ತೈತಿ,” ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಹಿಂದೆ ಕುಳಿತಿದ್ದ ಮಡಿವಾಳೆಪ್ಪ ಅವಸರದಿಂದ ಅಡ್ಡ ಬಂದ.

“ಮಾಸ್ತರ, ನಿಮ್ಮ ಕಾಲ ಬೀಳ್ತೇನಿ, ಬಂದ್ ಮಾಡಾಕ ಹೇಳಬ್ಯಾಡ್ರಿ. ತುಳಿಯಾಂವ ನಾನು.”