ಅರವತ್ತೊಂದರ ಕೈಗೆ ಸಿಕ್ಕಿಬಿದ್ದ ಸಂಖ್ಯೆ

ನಿವೃತ್ತನಾದ ಮೇಲೂ ನಾನು ಐದಕ್ಕೆ ಏಳುತ್ತಿದ್ದೆ. ಐದೂವರೆಗೆ ಸ್ನಾನ, ಆರಕ್ಕೆ ಕಾಫಿ, ಆರೂಕಾಲಿಗೆ ಲಾಲ್‌ಬಾಗಿನ ಕಡೆ ನಡಿಗೆ. ಏಳರಿಂದ ಏಳೂವರೆಯವರೆಗೆ ಮಾತ್ರ ಮಾಡಲು ಏನೂ ಇರಲಿಲ್ಲ. ಚಾಮರಾಜಪೇಟೆಯ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಆ ಅರ್ಧ ಗಂಟೆ ಹಲ್ಲಿನ ಸಂದಿಯ ಅಡಿಕೆಚೂರಿನಂತೆ ಕಾಡುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಒಂದು ಭಾನುವಾರ ಹೆಂಡತಿಯ ತಮ್ಮ ಮಲ್ಲೇಶ್ವರದಿಂದ ಊಟಕ್ಕೆ ಬಂದ. ಕಾಲೇಜಿನಲ್ಲಿ ಗಣಿತದ ಲೆಕ್ಚರರ್; ಹುಡುಗನಾಗಿದ್ದಾಗ ನನ್ನ ತರಗತಿಯಲ್ಲೇ ಕೂತವನು. ನನ್ನಲ್ಲಿ ಲೆಕ್ಕ ತಪ್ಪಿದರೆ ಕ್ಷಮೆಯಿತ್ತು; ಬೋರ್ಡಿನಿಂದ ಅಂಕಿ ತಪ್ಪಾಗಿ ಇಳಿಸಿಕೊಂಡರೆ ನೂರು ಸಲ ಬರೆಯಬೇಕು. ಅವನೂ ಬರೆದಿದ್ದ.

ಚೀಟಿಯಲ್ಲಿ 2147483647 ಎಂದು ಬರೆದು ಮುಂದಿಟ್ಟ.

“ಇದು ಅವಿಭಾಜ್ಯ, ಭಾವ. ಯಾವುದ್ರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ. ಕಂಪ್ಯೂಟರೂ ಎಣಿಸ್ತಾ ಎಣಿಸ್ತಾ ಇಲ್ಲಿಗೆ ಬಂದು ನಿಂತ್ಬಿಡುತ್ತೆ.”

“ನೀನು ಭಾಗಿಸಿ ನೋಡಿದೀಯಾ?”

“ಇನ್ನೂರು ವರ್ಷದ ಹಿಂದೇನೇ ನೋಡಿದಾರೆ.”

“ನಾನು ನೋಡಿಲ್ಲ.”

ಶಿಷ್ಯನ ಮಾತನ್ನು ಸುಮ್ಮನೆ ಒಪ್ಪುವುದು ನನ್ನಿಂದಾಗದು. ಅದರ ವರ್ಗಮೂಲ ನಲವತ್ತಾರು ಸಾವಿರ ಚಿಲ್ಲರೆ; ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಅವು ಸುಮಾರು ನಾಲ್ಕು ಸಾವಿರದ ಎಂಟುನೂರು. ದಿನಕ್ಕೊಂದರಂತೆ ಹದಿಮೂರು ವರ್ಷ. ನನಗಾಗ ಐವತ್ತೊಂಬತ್ತು, ಎಪ್ಪತ್ತೆರಡಕ್ಕೆ ಮುಗಿಯುತ್ತದೆ. ಮರುದಿನವೇ ಏಳಕ್ಕೆ ಎರಡರಿಂದ ಶುರುಮಾಡಿದೆ. ದಿನಕ್ಕೊಂದು ಹೊಸ ಪುಟ; ಹಿಂದಿನ ಪುಟ ನೋಡಿ ಸಂಖ್ಯೆ ಇಳಿಸಿಕೊಳ್ಳುವುದು.

ಹದಿನೆಂಟನೆಯ ದಿನ ಅರವತ್ತೊಂದರ ಸರದಿ. ಶೇಷ ಸೊನ್ನೆ! ಮೂರು ಸಲ ಭಾಗಿಸಿದೆ. ಮೂರು ಸಲವೂ ಸೊನ್ನೆ. ಇನ್ನೂರು ವರ್ಷ ಯಾರಿಗೂ ಅರವತ್ತೊಂದು ಹೊಳೆದಿರಲಿಲ್ಲವೆಂದು ಮರುಕವೂ ಆಯಿತು. ಬೀದಿಕೊನೆಯ ಅಂಗಡಿಯಿಂದ ಫೋನ್ ಮಾಡಿದೆ.

“ನಿನ್ನ ಹುಡುಗರಿಗೆ ಏನು ಕಲಿಸ್ತಿದೀಯ, ಬಂದು ನೋಡು.”

ಬಂದ. ಪುಟ ನೋಡಿ ಬಿಳಿಚಿಕೊಂಡ. ಕಾಫಿ ತಂದ ಹೆಂಡತಿ, ರೇಷನ್ ಕಾರ್ಡಿನೊಳಗೆ ಜೋಪಾನವಾಗಿಟ್ಟಿದ್ದ ಅವನ ಚೀಟಿ ತೆಗೆದು ಪುಟಗಳ ಪಕ್ಕ ಹಿಡಿದಳು.

“ರೀ, ಇದರಲ್ಲಿ ಮೂರಾದ ಮೇಲೆ ಆರು ನಾಲ್ಕು. ನೀವು ಹನ್ನೊಂದನೇ ದಿನದಿಂದ ನಾಲ್ಕು ಆರು ಬರೆದಿದೀರ.”

ಅವನ ಮುಖಕ್ಕೆ ರಕ್ತ ಮರಳಿತು. ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ.

“ನೂರು ಸಲ ಅಲ್ವಾ, ಭಾವ?”

“ಲೋ, ಕಾಫಿನಾದ್ರೂ ಕುಡೀಲಿ ಬಿಡೋ,” ಎಂದಳು ಅವನಕ್ಕ.

ಬರೆದೆ. ಅವನು ಎಣಿಸಿದ, ಎಪ್ಪತ್ತಮೂರನೆಯದರಲ್ಲಿ ಏಳು ಸರಿಯಾಗಿ ಮೂಡಿಲ್ಲವೆಂದು ತಿದ್ದಿಸಿದ.

ಮರುದಿನ ಏಳಕ್ಕೆ ಹನ್ನೊಂದನೆಯ ದಿನಕ್ಕೆ ಹಿಂದಿರುಗಿ, ಚೀಟಿಯನ್ನೇ ನೋಡಿ ಇಳಿಸಿಕೊಂಡು, ಮೂವತ್ತೊಂದರಿಂದ ಭಾಗಿಸಿದೆ. ಶೇಷ ಒಂದು. ಭಾನುವಾರ ಅವನಿಗೆ ತೋರಿಸಿದೆ.

“ಅಯ್ಯೋ, ಒಂದೇ ಒಂದರಲ್ಲಿ ತಪ್ಪಿಸ್ಕೊಂಡ್ಬಿಡ್ತಲ್ಲ, ಭಾವ!”

ಅಷ್ಟರಲ್ಲಿ ನಾನು ಮೂವತ್ತೇಳನ್ನೂ ನಲವತ್ತೊಂದನ್ನೂ ಮುಗಿಸಿದ್ದೆ.